ಅಂಜಿಕೆ ಬಿಡಿಸುವ ಕರಡಿಯ ಅಂಜಿಕೆ

ಅದು ೧೯೯೭ರ ಬೇಸಿಗೆ. ಆಗ ನಾವು ರಾಣೆಬೆನ್ನೂರಿನಲ್ಲಿದ್ದೆವು. ಪಶುವೈದ್ಯಕೀಯ ಓದುತ್ತಿದ್ದ ನನ್ನ ತಮ್ಮ ಪ್ರಕಾಶ ಊರಿಗೆ ಬಂದ. ಅಕ್ಕನ ಮನೆಗೆ ಹಣ್ಣು ತರುವುದು ಬಿಟ್ಟು, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಕಾಡುಕರಡಿಯ ಲದ್ದಿ ತಂದಿದ್ದ! ನಮ್ಮತ್ತೆ ಅಡುಗೆಮನೆ ಬಾಗಿಲಿಗೆ ಕಾವಲು ಕುಳಿತುಬಿಟ್ಟರು.

"ಅಂಜಿದಾಗ ಮೈಯಾಗ ಒಂದು ಹಾರ್ಮೋನು ಹೆಚ್ಚಾಗತೈತಿ ಅಕ್ಕಾ. ಅದರ ಗುರುತು ಲದ್ದಿಯೊಳಗೂ ಸಿಗತೈತಿ. ಸೂಜಿ ಚುಚ್ಚಿ ರಕ್ತ ತಗದ್ರ ಕರಡಿ ಅದಕ್ಕೂ ಅಂಜತೈತಿ" ಎಂದ. ಹೋಲಿಸಿ ನೋಡಲು ಅವನಿಗೆ ಸಾಕಿದ ಕರಡಿಯ ಲದ್ದಿಯೂ ಬೇಕಿತ್ತು. ಅದು ಸಿಗದಿದ್ದರೆ ಕಾಡು ಅಲೆದದ್ದೆಲ್ಲ ದಂಡ.

ನಮ್ಮ ಓಣಿಗೆ ಕರಡಿ ಆಡಿಸುವ ಹುಸೇನಸಾಬರು ಬರುತ್ತಿದ್ದರು. ಬೆಚ್ಚಿಬೀಳುವ ಮಕ್ಕಳನ್ನು ಅವರ ಕರಡಿ ರಾಣಿಯ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಹೋಗುತ್ತದೆಂದು ತಾಯಂದಿರ ನಂಬಿಕೆ. ಆ ಸಲ ಅವರು ಬಂದಾಗ ತಮ್ಮ ನೇರವಾಗಿ ಲದ್ದಿ ಕೇಳಿಬಿಟ್ಟ. ಸಾಬರು ಹಗ್ಗ ಬಿಗಿ ಹಿಡಿದರು.

"ಮಾಟ ಮಾಡಸಾಕೇನ್ರಿ? ನನ್ನ ಹೊಟ್ಟಿಪಾಡು ಇದರ ಮ್ಯಾಲೈತಿ. ಕೊಡೂದಿಲ್ಲ" ಎಂದು ಹೊರಟೇಬಿಟ್ಟರು.

ತಮ್ಮನ ಸಪ್ಪೆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಕಂಕುಳಲ್ಲಿದ್ದ ಮಗನನ್ನು ಮುಂದೆ ಹಿಡಿದೆ. "ಸಾಬ್ರ, ನನ್ನ ಕೂಸನ್ನ ನಿಮ್ಮ ರಾಣಿ ಮ್ಯಾಲೆ ಕುಂದ್ರಸ್ತೇನಿ. ಕರಡಿಗೆ ಕೇಡು ಬಯಸೋರು ಹಿಂಗ ಮಾಡ್ತಾರೇನ್ರಿ?" ಎಂದೆ. ಸಾಬರು ನಕ್ಕು ಮರಳಿ ಬಂದರು.

ಆಮೇಲೆ ಓಣಿಗೆ ಓಣಿಯೇ ರಾಣಿಯ ಹಿಂದೆ ಕಾಯುತ್ತ ನಿಂತಿತು. ಒಬ್ಬರು ಬಾಳೆಹಣ್ಣು ತಿನ್ನಿಸಿದರು, ಇನ್ನೊಬ್ಬರು ಕಲ್ಲಂಗಡಿ. ಕಡೆಗೂ ಅದು ಕೃಪೆ ತೋರಿದಾಗ ಜನ ಚಪ್ಪಾಳೆ ತಟ್ಟಿದರು!

"ಮಂದಿ ಅಂಜಿಕಿ ಬಿಡಸೋ ರಾಣಿಗೆ ಅಂಜಿಕಿ ಎಲ್ಲಿಂದ ಬರಬೇಕ್ರಿ?" ಎಂದು ಸಾಬರು ಹೆಮ್ಮೆಯಿಂದ ಹೇಳಿದರು.

ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಬಂದರು. "ಏನವ್ವಾ, ನಮ್ಮ ರಾಣಿ ಪರೀಕ್ಷಾ ಪಾಸಾದ್ಲೇನು?" ಎಂದರು. ಹಬ್ಬಕ್ಕೆ ಬಂದಿದ್ದ ತಮ್ಮ ಹೇಳಿದ್ದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ.

"ಕಾಡಿನ ಕರಡಿಗಿಂತ ಭಾಳ ಅಂಜತಾಳಂತ್ರಿ."

ಸಾಬರ ನಗು ನಿಂತಿತು. ರಾಣಿಯ ತಲೆ ನೇವರಿಸಿ, "ಇಷ್ಟ ವರ್ಷ ಕೂಡಿ ಉಂಡೇವಿ, ನನಗ ತಿಳೀಲಿಲ್ಲ ನೋಡ್ರಿ" ಎಂದರು. ಕೈಯಲ್ಲಿದ್ದ ಡಮರುಗವನ್ನು ಚೀಲಕ್ಕೆ ಹಾಕಿ, "ಇವತ್ತ ಆಟ ಇಲ್ಲ, ಹೋಗ್ರಿ" ಎಂದು ಮಕ್ಕಳನ್ನು ಕಳಿಸಿದರು.

ಮಧ್ಯಾಹ್ನವಿಡೀ ರಾಣಿ ನಮ್ಮ ಬೇವಿನ ಮರದಡಿ ಕಾಲು ಚಾಚಿ ಮಲಗಿತ್ತು. ಸಾಬರು ಪಕ್ಕದಲ್ಲಿ ಕುಳಿತು ನೊಣ ಓಡಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬಳು ಅಳುವ ಮಗುವನ್ನೆತ್ತಿಕೊಂಡು, ಕಾಸು ಹಿಡಿದು ಬಂದಳು. ಸಾಬರು ತುಟಿಯ ಮೇಲೆ ಬೆರಳಿಟ್ಟರು.

"ಈಗಷ್ಟ ಮಲಗ್ಯಾಳವ್ವಾ, ನಾಳೆ ಬಾ."

ಮರುದಿನದಿಂದ ಮತ್ತೆ ಆಡಿಸಿದರೋ ಏನೋ, ಹೊಟ್ಟೆ ಕೇಳಬೇಕಲ್ಲ. ಆದರೆ ಆ ಮಾತು ಕೇಳಿ ನನಗಾದ ಸಂತೋಷ, ಮುಂದೆ ತಮ್ಮ ಡಾಕ್ಟರಾದ ದಿನವೂ ಆಗಲಿಲ್ಲ.