ಹದಿನಾರನ್ನು ಏಳರಿಂದ ಭಾಗಿಸಿದರೆ

ಸಾಗರದ ಪೇಟೆಯಿಂದ ದೂರದ ಒಂದು ಆರೋಗ್ಯ ಕೇಂದ್ರದಲ್ಲಿ ಮಂಜುಶ್ರೀ ಗುತ್ತಿಗೆ ನೌಕರಳು. ಡಾಟಾ ಎಂಟ್ರಿ ಎಂದು ಹುದ್ದೆಯ ಹೆಸರು. ಆದರೆ ಹತ್ತು ವರ್ಷದಿಂದ ಆ ಸುತ್ತಿನ ಕಾಡಂಚಿನ ಊರುಗಳಿಗೆ ಉಣುಗಿನ ಎಣ್ಣೆ ಹೋಗುತ್ತಿದ್ದದ್ದು ಅವಳು ಬರೆದ ಒಂದು ಪ್ರೋಗ್ರಾಮಿನ ಮಾತು ಕೇಳಿ. ಗುತ್ತಿಗೆಯವಳಿಗೆ ಅಷ್ಟೊಂದು ಬುದ್ಧಿಯೇ ಎನ್ನುವವರು ಇದ್ದಾರೆ, ಅನ್ನಲಿ ಬಿಡಿ.

ಅದನ್ನು ಬರೆಯಲು ಕಾರಣವಿತ್ತು. ಅವಳ ಡಿಪ್ಲೊಮಾ ಮುಗಿದ ವರ್ಷ ಅಪ್ಪ ಜಟ್ಟಿಂಗಪ್ಪ ಸೌದೆಗೆಂದು ಕಾಡಿಗೆ ಹೋದವನು ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿಸಿಕೊಂಡು ಬಂದ. ಮಂಗನ ಕಾಯಿಲೆ ಹತ್ತೇ ದಿನದಲ್ಲಿ ಅವನನ್ನು ಮುಗಿಸಿತು. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಹಲಸಿನಕೊಡ್ಲು ಎಂಬ ಅವರ ಊರಿಗೆ ಬಂದದ್ದು ಅಪ್ಪನ ತಿಥಿ ಆದ ಮೇಲೆ. ಆ ಸಿಟ್ಟು ಅವಳ ಹೊಟ್ಟೆಯೊಳಗೆ ಉಳಿಯಿತು. ಕೆಲಸ ಸಿಕ್ಕಿದ್ದೇ ಪೈಥಾನ್ ಎಂಬ ಭಾಷೆ ಕಲಿತು ಪ್ರೋಗ್ರಾಮು ಬರೆದಳು. ಎಲ್ಲಿ, ಯಾವ ದಿನ ಮಂಗ ಸತ್ತು ಬಿತ್ತೆಂದು ತುಂಬಿದರೆ ಸಾಕು, ಯಾವ ಊರಿಗೆ ಎಣ್ಣೆ ಬೇಕೆಂಬ ಪಟ್ಟಿ ಅದು ಕೊಡುತ್ತಿತ್ತು. ಸತ್ತ ಮಂಗದ ಮೈಯಿಂದ ಉದುರಿದ ಉಣುಗು ಅಲ್ಲೇ ಸುತ್ತ ಇರುತ್ತದಾದ್ದರಿಂದ, ಮಂಗ ಸತ್ತು ಮೂರು ವಾರ ತುಂಬುವವರೆಗೂ ಆ ಊರನ್ನು ಪಟ್ಟಿಯಿಂದ ಬಿಡಬಾರದೆಂಬುದು ಅಲ್ಲಿನ ಹಿರಿಯ ಇನ್ಸ್‌ಪೆಕ್ಟರ್ ನಾಗರಾಜಪ್ಪನವರ ಕಟ್ಟುನಿಟ್ಟು.

ಈ ಸಲ ಮಳೆಗಾಲದ ಕೊನೆಯ ಸಿಡಿಲಿಗೆ ಹಳೆ ಕಂಪ್ಯೂಟರು ಸುಟ್ಟಿತು. ಹೊಸದು ಬಂದದ್ದು ಜನವರಿಯಲ್ಲಿ, ಮಂಗಗಳು ಸಾಯಲು ಶುರುವಾದ ಮೇಲೆ. ವರ್ಷದ ಮೊದಲ ಎಣ್ಣೆಯೂ ಅದೇ ವಾರ ಬಂತು. ಸೋಮವಾರ ಹನ್ನೊಂದಕ್ಕೆ ಜೀಪು ಹೊರಡಬೇಕು, ಅಷ್ಟರೊಳಗೆ ಪಟ್ಟಿ ಬೇಕು. ಕೈಯಲ್ಲಿದ್ದದ್ದು ನಾಲ್ಕು ದಿನ.

ಪ್ರೋಗ್ರಾಮಿನ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಹಾಕಿ ಓಡಿಸಿದರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲು. ಅವಳು ಬರೆದದ್ದು ಪೈಥಾನಿನ ಎರಡನೇ ಆವೃತ್ತಿಯಲ್ಲಿ. ಅದನ್ನು ಮಾಡಿದವರೇ ಕೈಬಿಟ್ಟು ವರ್ಷಗಳಾಗಿದ್ದವು. ಹೊಸ ಕಂಪ್ಯೂಟರಿನಲ್ಲಿದ್ದದ್ದು ಮೂರನೆಯದು. ಹಳೆಯದನ್ನೇ ಹುಡುಕಿ ಹಾಕಿದಳು; ಅದಕ್ಕೆ ಬೇಕಾದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ತುಂಡುಗಳು, ಇಂಟರ್ನೆಟ್ಟಿನಿಂದ ಇಳಿಯಲೇ ಇಲ್ಲ. ಯಾವ್ಯಾವ ಲೈಬ್ರರಿ ಬೇಕೆಂದು ಆಗ ಹೆಸರು ಬರೆದಿಟ್ಟಿದ್ದಳು, ಎಷ್ಟನೇ ಆವೃತ್ತಿ ಎಂದು ಬರೆದಿರಲಿಲ್ಲ. ಹೊಸ ಲೈಬ್ರರಿ ಹಾಕಿದರೆ ಅದು ಎಕ್ಸೆಲ್ ಫೈಲನ್ನೇ ಓದಲೊಲ್ಲೆ ಎಂದಿತು. ಅದನ್ನು ಸಮಾಧಾನ ಮಾಡಿದರೆ ಇನ್ನೊಂದು ಮುನಿಸಿಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಪಾಡು. ಭಾನುವಾರ ಅವಳು ಹಳೆಯದರ ಆಸೆ ಬಿಟ್ಟು, ಕೆಂಪು ತೋರಿಸಿದ ಸಾಲನ್ನೆಲ್ಲ ಒಂದೊಂದಾಗಿ ಮೂರನೇ ಆವೃತ್ತಿಗೆ ತಿದ್ದುತ್ತ ಕೂತಳು.

ಸೋಮವಾರ ಹತ್ತೂವರೆಗೆ ಕೊನೆಯ ಕೆಂಪು ಸಾಲು ಹೋಯಿತು. ಪಟ್ಟಿ ಬಂತು, ಮೂವತ್ತೊಂದು ಊರು. ನಾಗರಾಜಪ್ಪನವರು ಕನ್ನಡಕ ಮೇಲೆತ್ತಿ ನೋಡಿದರು.

“ನನ್ ಅಂದಾಜಿಗೆ ನಲವತ್ತರ ಮೇಲಾಗ್ಬೇಕಿತ್ತಲ್ಲ ಮಾರಾಯ್ತಿ?”

ನಾಲ್ಕು ದಿನ ಸರಿಯಾಗಿ ಊಟ ಮಾಡದವಳಿಗೆ ರೇಗಿತು. “ಒಂದೂ ಕೆಂಪು ಸಾಲಿಲ್ಲ ಸರ್. ಸರಿಯಾಗೇ ಇದೆ” ಎಂದಳು. ಅವರು ಪಟ್ಟಿಗೆ ಸಹಿ ಹಾಕಿದರು, ಜೀಪು ಹೊರಟಿತು.

ಮರುದಿನ ಬೆಳಿಗ್ಗೆ ಅವ್ವ ಹುಲಿಯಮ್ಮನ ಫೋನು. “ಮೇಲಿನ ಕಾನಲ್ಲಿ ಮಂಗ ಸತ್ತಿತ್ತಲ್ಲ ಮಗಾ, ನಮ್ಗೆ ಎಣ್ಣೆ ಬರ್ಲಿಲ್ಲ. ದರಗಿಗೆ ಹೋಗ್ಬೋದಾ?” ಕೊಟ್ಟಿಗೆಗೆ ಹಾಸಲು ಕಾಡಿನ ದರಗು, ಅಂದರೆ ಒಣಗಿದೆಲೆ, ಗುಡಿಸಿ ತರುವ ಕಾಲ ಅದು.

“ಪಟ್ಟೀಲಿ ನಮ್ಮೂರಿಲ್ಲವ್ವ. ಮೂರ್ ವಾರ ಮುಗ್ದಿರ್ಬೇಕು. ಹೋಗಿ.”

ಮಂಗ ಸತ್ತು ಎಷ್ಟು ದಿನವಾಯಿತೆಂದು ಮಂಜುಶ್ರೀ ಬೆರಳು ಮಡಚಿ ಎಣಿಸಿದ್ದರೂ ಸಾಕಿತ್ತು. ಎಣಿಸಲಿಲ್ಲ. ಅವ್ವನೋ, ಮಗಳ ಕಂಪ್ಯೂಟರು ಹೇಳಿದೆಯೆಂದು ಕೇರಿಗೆಲ್ಲ ಸಾರಿದಳು. ಹೆದರಿ ಎಂಟು ದಿನದಿಂದ ಕಾಡಿಗೆ ಕಾಲಿಡದ ಪಕ್ಕದ ಮನೆ ತನುಜಾ ಆ ಮಾತಿನ ಮೇಲೆಯೇ ಬುಟ್ಟಿ ಎತ್ತಿಕೊಂಡಳು.

ಮುಂದಿನ ವಾರದ ಗುರುವಾರ ಕಂಪ್ಯೂಟರಿಗೆ ತುಂಬಲು ಬಂದ ರಕ್ತಪರೀಕ್ಷೆ ವರದಿಗಳಲ್ಲಿ ತನುಜಾಳ ಹೆಸರಿತ್ತು. ಮಂಗನ ಕಾಯಿಲೆ ಖಚಿತ. ಆಗಲೇ ಅವಳನ್ನು ದೊಡ್ಡಾಸ್ಪತ್ರೆಗೆ ಸಾಗಿಸಿ ಮೂರು ದಿನವಾಗಿತ್ತು. ಮಂಜುಶ್ರೀ ಸತ್ತ ಮಂಗಗಳ ರಿಜಿಸ್ಟರು ತೆಗೆದು ಎಣಿಸಿದಳು. ಪಟ್ಟಿ ಹೊರಟ ಸೋಮವಾರಕ್ಕೆ ಹಲಸಿನಕೊಡ್ಲಿನ ಮಂಗ ಸತ್ತು ಹದಿನಾರೇ ದಿನ.

ಊರು ಪಟ್ಟಿಯಲ್ಲಿರಬೇಕಿತ್ತು. ಯಾಕಿಲ್ಲ? ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ದಿನವನ್ನು ಏಳರಿಂದ ಭಾಗಿಸು, ಬಂದದ್ದು ಎರಡಕ್ಕಿಂತ ಹೆಚ್ಚಾದರೆ ಊರನ್ನು ಬಿಡು ಎಂದು ಅಂದು ತಾನೇ ಬರೆದಿದ್ದಳು. ಹಳೆ ಪೈಥಾನ್ ಭಾಗಿಸುವಾಗ ಚಿಲ್ಲರೆಯನ್ನು ಎಸೆಯುತ್ತಿತ್ತು. ಹದಿನಾರಕ್ಕೂ ಎರಡು, ಇಪ್ಪತ್ತಕ್ಕೂ ಎರಡೇ. ಇಪ್ಪತ್ತೊಂದನೇ ದಿನಕ್ಕೆ ಮೂರಾಗಿ ಊರು ಸರಿಯಾಗಿ ಕಳಚುತ್ತಿತ್ತು. ಹೊಸದು ಚಿಲ್ಲರೆಯನ್ನು ಬಿಡುವುದಿಲ್ಲ. ಹದಿನಾರಕ್ಕೆ ಎರಡೂ ಚಿಲ್ಲರೆ ಎಂದಿತು, ಎರಡಕ್ಕಿಂತ ಹೆಚ್ಚಾಯಿತು, ಊರನ್ನು ಬಿಟ್ಟಿತು. ಲೆಕ್ಕ ತಪ್ಪಲ್ಲ, ಹಾಗಾಗಿ ಕೆಂಪು ಸಾಲೂ ಬರಲಿಲ್ಲ.

ಭಾಗಾಕಾರದ ಓರೆಗೆರೆಯ ಪಕ್ಕ, ಚಿಲ್ಲರೆಯನ್ನು ಎಸೆ ಎಂದು ಹೇಳುವ ಇನ್ನೊಂದು ಓರೆಗೆರೆ ಹಾಕಿ, ಆ ಸೋಮವಾರದ್ದೇ ತಾರೀಕು ಕೊಟ್ಟು ಓಡಿಸಿದಳು. ನಲವತ್ನಾಲ್ಕು ಊರು. ನಾಗರಾಜಪ್ಪನವರ ಮುಂದೆ ಹಾಳೆ ಇಟ್ಟಳು. ಅವರು ಮೊದಲು, ಬಿಟ್ಟುಹೋಗಿದ್ದ ಹದಿಮೂರು ಊರಿಗೂ ಜೀಪು ಕಳಿಸಿದರು, ಆಮೇಲೆ ಬಾಗಿಲು ಮುಂದೆ ಮಾಡಿದರು. ಹಳೆ ಕಂಪ್ಯೂಟರು ಸುಟ್ಟದ್ದರಿಂದ ಹೀಗಾಯಿತು ಎಂದು ಬರೆದರೆ ಮುಗಿಯಿತು, ಯಾರೂ ಕೇಳುವುದಿಲ್ಲ ಎಂದರು. ಒಳ್ಳೆಯ ಮನುಷ್ಯರು, ಅವಳ ಗುತ್ತಿಗೆ ಉಳಿಯಲೆಂದೇ ಹೇಳಿದ್ದು. ಅವಳು ಹಾಗೆ ಬರೆಯಲಿಲ್ಲ. ನಡೆದದ್ದನ್ನೇ ಬರೆದು ಸಹಿ ಹಾಕಿ ಕೊಟ್ಟಳು.

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಹುಲಿಯಮ್ಮ ಮಗಳ ಪರವೇ ನಿಂತಳು. “ಮಿಷನ್ ತಪ್ಪು ಮಾಡಿದ್ರೆ ನೀನೆಂತ ಮಾಡ್ತೀಯ ಮಗಾ?”

“ಮಿಷನ್ ಅಲ್ಲವ್ವ. ಹೋಗಿ ಅಂದಿದ್ದು ನಾನು.”

ತನುಜಾಳ ಗಂಡ ಪೂರ್ಣೇಶ್ ಬಟ್ಟೆ ಒಯ್ಯಲು ಮನೆಗೆ ಬಂದಿದ್ದಾನೆ, ಸಂಜೆ ಬಸ್ಸಿಗೆ ಮತ್ತೆ ಆಸ್ಪತ್ರೆಗೆ ಹೋಗುತ್ತಾನೆ ಎಂದಷ್ಟೇ ಹೇಳಿ ಹುಲಿಯಮ್ಮ ಫೋನಿಟ್ಟಳು.

ಮಂಜುಶ್ರೀ ಸಿಕ್ಕ ಬಸ್ಸು ಹತ್ತಿದಳು. ಪೂರ್ಣೇಶ್ ಜಗಲಿಯ ಮೇಲೆ ಹೆಂಡತಿಯ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು, ಭಾಗಾಕಾರವನ್ನೂ ಬಿಡಲಿಲ್ಲ. ತಪ್ಪು ನನ್ನದು, ಕ್ಷಮಿಸಿ ಎಂದು ಕೈಮುಗಿದಳು. ಅವನು ಬೈಯಲಿಲ್ಲ. ಚೀಲದ ಬಾಯಿ ಕಟ್ಟಿ ಎದ್ದ.

“ನನ್ ಹತ್ರ ಎಂತಕ್ಕೆ ಹೇಳ್ತೀರಿ? ನಾನು ಹೋಗ್ಬೇಡ ಅಂದಿದ್ದೆ. ನಿಮ್ ಮಾತು ನಂಬಿದ್ದು ಅವ್ಳು. ಅವ್ಳಿಗೇ ಹೇಳಿ.”

ತನುಜಾಗೆ ಎರಡು ದಿನದಿಂದ ಪ್ರಜ್ಞೆಯೇ ಇರಲಿಲ್ಲ.