ಅಕ್ಕಲಕೋಟೆಯಿಂದ ತಂದ ಕಡಲ ನೀರು

ಗಿರಣಿಯ ಭೋಂಗಾ ಕೂಗಿದಾಗ ದಿನದ ರೂಢಿಯಂತೆ ಕೈಗಡಿಯಾರ ಹೊಂದಿಸಿಕೊಂಡು ಸೊಲ್ಲಾಪುರದಿಂದ ಹೊರಟೆ. ಅಕ್ಕಲಕೋಟೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ಬೇಸಿಗೆಯಾದ್ದರಿಂದ ವಳಸಂಗ ದಾಟುವಷ್ಟರಲ್ಲೇ ಬಸ್ಸಿನ ತಗಡು ಕಾದಿತ್ತು.

ತಂಗಿಯ ಮಗಳು ಶಾರದೆ ಮುಂಬಯಿಯಲ್ಲಿ ಸಮುದ್ರದ ನೀರು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಮದ್ರಾಸಿಗೆ ಬಂದ ಹಡಗಿನಿಂದ ಆಳಗಡಲಿನ ಎರಡು ಬಾಟಲಿ ನೀರನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯುತ್ತ, ಒಂದು ದಿನಕ್ಕೆಂದು ಅಕ್ಕಲಕೋಟೆಯ ತಾಯಿಯ ಮನೆಗೆ ಇಳಿದಿದ್ದಳು. ಅವಳನ್ನು ಮಧ್ಯಾಹ್ನ ಸೊಲ್ಲಾಪುರದಲ್ಲಿ ಮುಂಬಯಿ ಗಾಡಿ ಹತ್ತಿಸುವ ಕೆಲಸ ನನ್ನದು.

ಹೊಸ್ತಿಲು ದಾಟುತ್ತಲೇ ತಂಗಿ ಪಾರ್ವತಿ ತೀರ್ಥ ಕೊಟ್ಟಳು. ಕೈಯೊಡ್ಡಿ ಕುಡಿದೆ. ಬರೀ ಉಪ್ಪು.

“ಇದೇನ ಪಾರೂ?”

“ಸಮುದ್ರದ್ದಣ್ಣಾ. ಪೋರಿ ತಂದಾಳ. ತುಳಸಿ ಹಾಕಿ ಓಣಿಗೆಲ್ಲಾ ಒಂದೊಂದ ಚಮಚಾ ಕೊಟ್ಟೆ.”

ಕಾಶಿಯಿಂದ ಯಾರೇ ಗಂಗೆ ತಂದರೂ ಓಣಿಗೆ ಹಂಚುವವಳು ಅವಳು. ಸ್ನಾನ ಮುಗಿಸಿ ಬಂದ ಶಾರದೆ ಬಾಟಲಿಯ ಬಾಯಿಗೆ ಹಾಕಿದ್ದ ಅರಗಿನ ಮುದ್ರೆ ಒಡೆದದ್ದು ಕಂಡು ನೆಲಕ್ಕೆ ಕೂತಳು.

“ಕುಡದವರಿಗೇನೂ ಆಗೂದಿಲ್ಲ ಮಾಮಾ. ಖರೇ ಈ ನೀರು ಕೆಡ್ತು. ಇನ್ನ ಉಳಿದದ್ದು ಒಂದs.”

ಅವಳು ಹೇಳಿದ್ದು ಇಷ್ಟು. ತಿಳಿಯಾಗಿ ಕಾಣುವ ಆ ನೀರಿನಲ್ಲಿ ಸತ್ತ ಕಡಲಜೀವಿಗಳ ಇಂಗಾಲ, ಸಕ್ಕರೆಯಂತೆ, ಕಾಣದ ಹಾಗೆ ಕರಗಿದೆ. ಆಳದಲ್ಲಿ ಅದು ಸಾವಿರಾರು ವರ್ಷ ಉಳಿಯುತ್ತದೆ. ಕಲ್ಲಿದ್ದಲ ಹೊಗೆಯಿಂದ ಗಾಳಿ ಕಾದು, ಕಡಲೂ ಬೆಚ್ಚಗಾದರೆ ಅದು ಅಲ್ಲೇ ಉಳಿದೀತೋ, ಅನಿಲವಾಗಿ ಗಾಳಿಗೆ ಮರಳೀತೋ, ಯಾರಿಗೂ ಖಚಿತವಿಲ್ಲ.

“ಅದಕ್ಕs ಇವತ್ತು ಎಷ್ಟದ ಅಂತ ಬರದಿಡಬೇಕು. ಬೆರಳು ತಾಕಿದ್ರೂ ಲೆಕ್ಕ ಸುಳ್ಳಾಗ್ತದ.”

ನನ್ನ ನಾಲಗೆಯ ಮೇಲೆ ಇನ್ನೂ ಉಪ್ಪಿತ್ತು. ಈ ಊರಿಗಿಂತ, ನಾವಾಡುವ ಮಾತಿಗಿಂತ ಹಳೆಯದಾದುದನ್ನು ಒಂದು ಚಮಚದಲ್ಲಿ ನುಂಗಿದ್ದೆ. ಪಾರ್ವತಿ ಕೊಟ್ಟ ಚಹಾ ಕೈಯಲ್ಲೇ ಆರಿಹೋಯಿತು.

ಪಾರ್ವತಿ ಮಗಳತ್ತ ತಿರುಗಿದಳು. “ಮುಟ್ಟಬಾರದು ಅಂದ್ರ ಮಡಿನೀರಲ್ಲೇನ? ಮೊದಲs ಹೇಳಬಾರದೇನ, ಶ್ಯಾಣ್ಯಾಕಿ!” ಎಂದವಳೇ ಮಡಿಸೀರೆ ಉಟ್ಟು ಬಂದು, ಎರಡನೆಯ ಬಾಟಲಿಯ ಪೆಟ್ಟಿಗೆಗೆ ಒಗೆದ ಪಂಚೆ ಸುತ್ತಿದಳು. ನಾನು ಕೈ ಚಾಚಿದೆ. “ಬಸ್ಸಿನ್ಯಾಗ ಬಂದೀದಿ ಅಣ್ಣಾ, ದೂರ ಸರಿ!”

ಶಾರದೆ ಕಣ್ಣೊರೆಸಿಕೊಂಡು ನಕ್ಕಳು. “ನಮ್ಮ ಲ್ಯಾಬಿನ್ಯಾಗೂ ಇಷ್ಟು ಮಡಿ ಇಲ್ಲವ್ವಾ.”

ರೊಟ್ಟಿ, ಶೇಂಗಾ ಚಟ್ನಿ ಉಂಡು ಹನ್ನೆರಡರ ಬಸ್ಸು ಹತ್ತಿದೆವು. ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಅದನ್ನು ಎತ್ತಿ ಹಿಡಿಯುತ್ತಿದ್ದೆ.

“ಅಜ್ಜಾರ, ಕೂಸಿನಂಗ ಹಿಡದೀರಿ, ಏನದರಿ ಅದರಾಗ?” ಕಂಡಕ್ಟರ್ ಕೇಳಿದ.

“ಸಮುದ್ರ.”

“ಹಂಗಾರ ಅದಕ್ಕ ತಿಕೀಟ ಇಲ್ರಿ. ತುಳುಕಿಸಬ್ಯಾಡ್ರಿ ಅಷ್ಟ!”

ತುಳುಕಲಿಲ್ಲ. ಸ್ಟೇಶನ್ನಿನಲ್ಲಿ ಹೊಸ ಮಂಜುಗಡ್ಡೆ ತುಂಬಿದೆವು. ಮುದ್ರೆ ಹಾಗೆಯೇ ಇತ್ತು. ಶಾರದೆ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಗಾಡಿ ಹತ್ತಿದಳು. ಗಾಡಿ ಹೊರಟಿತು.

ಹೊರಗೆ ಬಂದಾಗ ಗಿರಣಿಯ ಭೋಂಗಾ ಕೂಗಿತು. ನಾನು ಕೈಗಡಿಯಾರ ನೋಡಲಿಲ್ಲ. ಅದರ ಚಿಮಣಿಯ ಕಲ್ಲಿದ್ದಲ ಹೊಗೆ ಎತ್ತ ಹೋಗುತ್ತದೆಂದು ನೋಡುತ್ತ ನಿಂತೆ.