ಅಕ್ಕನಿಗಾಗಿ ಮೆತ್ತಗಾದ ಗಾಡಿ

ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಪುಣೆಯ ಬೀದಿಗೆ ಇದ್ದಿಲಿನ ವಾಸನೆ ಇರುತ್ತಿತ್ತು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ ಅದು. ಕಂಡವರಿಗೆ ನೆನಪಿರಬಹುದು. ಹೋದ ತಿಂಗಳು ನಮ್ಮ ಶಾಂತಕ್ಕ ತೀರಿಕೊಂಡಳು. ಅಂದಿನಿಂದ ನನಗೆ ಅಪ್ಪನ ಆ ಗಾಡಿಯೇ ಕಣ್ಣಿಗೆ ಕಟ್ಟಿದಂತಾಗುತ್ತಿದೆ.

ನಾವು ಧಾರವಾಡದ ಕಡೆಯವರು. ಅಪ್ಪ ಪುಣೆಯ ಕಸಬಾ ಪೇಟೆಯಲ್ಲಿ ಹಲವು ಸಂಸಾರಗಳ ವಾಡೆಯೊಂದರಲ್ಲಿ ಮನೆ ಹಿಡಿದು, ಊರ ತುಂಬ ಬಾಡಿಗೆಗೆ ಸಾಮಾನು ಸಾಗಿಸುತ್ತಿದ್ದ. ಗಾಡಿ ಮೊದಲು ಯಾರೋ ಶ್ರೀಮಂತರ ಮೋಟಾರಾಗಿತ್ತು. ಅಪ್ಪ ಅದರ ಹಿಂದಿನ ಸೀಟು ಕೊಯ್ದು ತೆಗೆದು, ಸಾಗವಾನಿ ಹಲಗೆಯ ತೊಟ್ಟಿ ಕೂಡಿಸಿದ್ದ. ಈಗ ಪಿಕಪ್ ಅನ್ನುತ್ತಾರಲ್ಲ, ಹಾಗೆ. ಹಳೇ ಸಾಮಾನಿನ ಬಜಾರಿಗೆ ಹೋದಾಗಲೆಲ್ಲ ಅದಕ್ಕೊಂದು ಒಡವೆ ತರುತ್ತಿದ್ದ. ಒಮ್ಮೆ ಹಿತ್ತಾಳೆಯ ಹಾರ್ನು, ಒಮ್ಮೆ ಯಾವುದೋ ಟಾಂಗಾದ ದೀಪ. ಕಡೆಗೆ ಬಂದದ್ದು ಇದ್ದಿಲಿನ ಒಲೆ. ಆಳೆತ್ತರದ ಆ ಕಬ್ಬಿಣದ ಡಬ್ಬಿಯನ್ನು ಗಾಡಿಯ ಮಗ್ಗುಲಿಗೆ ಬಿಗಿದಿದ್ದ. ಇದ್ದಿಲು ಹೊತ್ತಿಸಿ ಪಂಖದ ಹಿಡಿ ತಿರುಗಿಸಿದರೆ, ಹುಟ್ಟುವ ಗ್ಯಾಸು ಕೊಳವೆಯಲ್ಲಿ ಇಂಜಿನ್ನಿಗೆ ಹೋಗುತ್ತಿತ್ತು. ಬೆಳಗ್ಗೆ ಆ ಹಿಡಿ ತಿರುಗಿಸುವವಳು ನಮ್ಮ ಅವ್ವ.

“ವಹಿನೀ, ಗಾಡೀಸಾಠೀ ಕಾಯ್ ಶಿಜವತಾಯ್?” ಎಂದು ಮೇಲಿನ ಮನೆಯ ಕಾಕೂ ಮರಾಠಿಯಲ್ಲಿ ಕೂಗಿ, ಗಾಡಿಗೆ ಇವತ್ತು ಏನು ಅಡಿಗೆ ಎಂದು ಕೇಳುವಳು.

“ಕಡಲಿ ಹಿಟ್ಟಿನ ಪಿಠಲ! ನಿಮಗೂ ಒಂದ್ ವಾಟಿ ಕಳಸ್ತೀನಿ!” ಎಂದು ಅವ್ವ ಮಸಿ ಮೆತ್ತಿದ ಮುಖದಲ್ಲೇ ಕನ್ನಡದಲ್ಲಿ ಉತ್ತರಿಸುವಳು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಆ ವರ್ಷ ಬಾರಾಮತಿಯ ಗಂಡನ ಮನೆಯಲ್ಲಿದ್ದ ಅಕ್ಕ ಬಸುರಿ. ಹಿಂದಿನ ವರ್ಷ ಒಂದು ಬಸುರು ಇಳಿದುಹೋಗಿತ್ತು. ಈಗ ಏಳನೆಯ ತಿಂಗಳು. ಸೀಮಂತದ ಕುಬಸ ಮುಗಿಸಿ ಅವಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕು. ಅವಳು ಕೂತು ಬರಬಾರದು, ಮಲಗಿಯೇ ಬರಬೇಕು ಎಂದು ಸೂಲಗಿತ್ತಿ ಹೇಳಿದ್ದಳು. ರೈಲಿನಲ್ಲಿ ಸಿಪಾಯಿಗಳ ನಡುವೆ ನಿಲ್ಲಲೂ ಜಾಗವಿಲ್ಲ. ಹಾಗಾಗಿ ಗಾಡಿಯೇ ಗತಿ. ಆದರೆ ಖಾಲಿ ತೊಟ್ಟಿ ಕಲ್ಲಿನ ರಸ್ತೆಯಲ್ಲಿ ಹೇಗೆ ಕುಣಿಯುತ್ತದೆಂದು ಎಲ್ಲರಿಗೂ ಗೊತ್ತು.

ಅಪ್ಪ ಅಂಗಳದಲ್ಲಿ ಗಾಡಿಯ ಕೆಳಗೆ ಮಲಗಿದ. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಕಬ್ಬಿಣದ ಪಟ್ಟಿ ಜೋಡಿಸಿದ ಕಮಾನುಗಳಿರುತ್ತವೆ. ಅವುಗಳೊಳಗಿನ ಕೆಲವು ಪಟ್ಟಿಗಳನ್ನು ಬಿಚ್ಚಿ ತೆಗೆದ. ಪಟ್ಟಿ ಕಡಿಮೆಯಾದಷ್ಟೂ ಕಮಾನು ಮೆತ್ತಗಾಗಿ ಕುಲುಕು ತಗ್ಗುತ್ತದೆ.

“ಎಲ್ಲಾ ಬಿಚ್ಚಿದ್ರ ಗಾಡಿ ಹೆಂಗ ನಿಲ್ಲತದ್ರಿ?” ಎಂದಳು ಅವ್ವ.

“ಭಾರ ಹೊರಾಕಲ್ಲ ಇದು. ಹುಡುಗೀನ ಹೊರಾಕ. ಒಬ್ಬಾಕಿ ತೂಕಕ್ಕ ಇಷ್ಟ ಸಾಕು.”

ತೊಟ್ಟಿಯ ಮೇಲೆ ಬಿದಿರು ಬಾಗಿಸಿ, ಅವ್ವನ ಹಳೇ ಇಳಕಲ್ ಸೀರೆಯನ್ನು ನೆರಳಿನ ಟಪ್ಪ ಮಾಡಿ ಹೊದಿಸಿದ. ಒಳಗೆ ಭತ್ತದ ಹುಲ್ಲು, ಅದರ ಮೇಲೆ ಮನೆಯ ಕೌದಿಗಳನ್ನೆಲ್ಲ ಹಾಸಿದೆವು. ನಾನು ಮಲಗಿ ನೋಡಿದೆ. ಹುಲ್ಲು, ಗ್ರೀಸು, ಅವ್ವನ ಸೀರೆ, ಮೂರೂ ಸೇರಿದ ವಾಸನೆ.

ಹೋಗುವಾಗ ದಿವೆ ಘಾಟಿನ ಏರಿನಲ್ಲಿ ಇದ್ದಿಲು ಗ್ಯಾಸಿಗೆ ಕಸುವು ಸಾಲದೆ, ಅವ್ವ ನಾನು ಇಳಿದು ನಡೆದೆವು. ಗಾಡಿ ನಮ್ಮ ಹಿಂದೆ ಹಿಂದೆ ಬಂತು.

ಬೀಗರೂ ನಮ್ಮ ಕಡೆಯವರೇ, ಬಾರಾಮತಿಯಲ್ಲಿ ಅವರದು ಬೆಲ್ಲದ ವ್ಯಾಪಾರ. ಅಕ್ಕನ ಅತ್ತೆ ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, “ಬೀಗರ, ಇದು ಗಾಡಿಯೋ ಒಲಿಯೋ?” ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. “ಹೋದ ಸಲ ಆದದ್ದು ನಾ ಮರ್ತಿಲ್ಲ. ಇದು ಕುಲುಕಿತು ಅಂದ್ರ ನನ್ನ ಸೊಸಿ ಇಲ್ಲೇ ಹಡೀತಾಳ. ಮದಲ ಹೇಳ್ತೀನಿ.”

ಅಕ್ಕ ಅವ್ವನ ಸೆರಗು ಹಿಡಿದುಕೊಂಡೇ ನಿಂತಿದ್ದಳು. ಬಿಟ್ಟರೆ ನಾವು ಅವಳನ್ನು ಬಿಟ್ಟು ಹೋದೇವು ಎನ್ನುವಂತೆ.

ಕುಬಸ ಮುಗಿಯಿತು. ಬಸುರಿ ಸೊಸೆಯನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಆಳುಗಳು ಬೆಲ್ಲದ ಪೆಂಟಿಗಳನ್ನು ತಂದು ತಂದು ತೊಟ್ಟಿಗೆ ಏರಿಸಿದರು. ಜೋಳದ ಚೀಲ, ಎಣ್ಣೆಯ ಡಬ್ಬಿ. ಗಾಡಿಯ ಹಿಂಭಾಗ ಭಾರಕ್ಕೆ ಕೆಳಗೆ ಕೂತುಬಿಟ್ಟಿತು. ಅಪ್ಪ ಬಗ್ಗಿ ಕಮಾನು ನೋಡಿದ. ಬೀಗರು ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮಲ್ಲಿ ಯಾರಿಗೂ ಬಾರದ ಮಾತು.

ಊರು ದಾಟಿ ಕಬ್ಬಿನ ಗದ್ದೆಯ ನಡುವೆ ಮೊದಲ ಗುಂಡಿ ಬಂದಾಗ, ಮೆತ್ತಗಾಗಿದ್ದ ಕಮಾನು ಪೂರಾ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಅಕ್ಕ “ಅವ್ವಾ” ಎಂದು ಹೊಟ್ಟೆ ಹಿಡಿದುಕೊಂಡಳು. ಅಪ್ಪ ಗಾಡಿ ನಿಲ್ಲಿಸಿದ.

“ಬೆಲ್ಲ ಇಲ್ಲೇ ಯಾರ ಗುಡಿಸಲದಾಗರ ಇಡ್ರಿ,” ಎಂದಳು ಅವ್ವ.

“ಬೀಗರು ಉಡಿ ತುಂಬಿದ್ದನ್ನ ದಾರ್ಯಾಗ ಚೆಲ್ಲಿ ಹೋಗೂದಾ?”

“ಹಂಗಾರ ಸಾವಕಾಶ ನಡೀರಿ. ತಿರುಗಿ ಹೋದ್ರ ಅವರತ್ತಿ ಮತ್ತ ಕಳಸಾಕಿ ಅಲ್ಲ.”

ಅಪ್ಪ ಅಕ್ಕನ ಮುಖ ನೋಡಿದ. “ಶಾಂತಾ, ತಿರುಗಸ್ತೀನವ್ವಾ. ಏನಂತಿ?” ಅಕ್ಕ ಅಳುತ್ತಾ ಹೂಂ ಎಂದು ತಲೆಯಾಡಿಸಿದಳು.

ಗಾಡಿ ಮತ್ತೆ ಬೀಗರ ಅಂಗಳಕ್ಕೆ ಬಂತು. ಅಪ್ಪ ಎಲ್ಲರೆದುರು ಅಕ್ಕನ ಅತ್ತೆಗೆ ಕೈಮುಗಿದ. “ತಪ್ಪಾತ್ರಿ, ಅಕ್ಕಾರ. ಮಗಳಿಗಂತ ಕಮಾನು ಬಿಚ್ಚಿ ಮೆತ್ತಗ ಮಾಡಿದ್ದೆ. ನಿಮ್ಮ ಮರ್ಯಾದಿ ಹೊರೂ ಶಕ್ತಿ ಈಗ ಇದಕ್ಕಿಲ್ಲ. ಗಾಡಿ ಕುಲುಕಿತ್ರಿ. ಇನ್ನ ನೀವು ಹೇಳಿದಂಗ.”

ಆಕೆ ಹತ್ತಿರ ಬಂದಳು. ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಟಪ್ಪದ ಸೀರೆ ಮುಟ್ಟಿದಳು. ಕೌದಿಗಳನ್ನು ಒತ್ತಿದಳು. ಆಮೇಲೆ ಆಳುಗಳಿಗೆ, “ಏನ್ ಬಾಯಿ ತಕ್ಕೊಂಡು ನೋಡ್ತೀರಿ? ಇಳಸ್ರಿ ಎಲ್ಲಾ!” ಎಂದು ಗದರಿದಳು. ತೊಟ್ಟಿ ಖಾಲಿಯಾಯಿತು. ಆಕೆ ಸೆರಗು ಸಿಕ್ಕಿಸಿ, ಗಾಲಿಯ ಮೇಲೆ ಕಾಲಿಟ್ಟು ತಾನೇ ಹತ್ತಿದಳು.

“ಪೆಂಟಿ ಬ್ಯಾಡಂದ್ರ ನಾ ಬರ್ತೀನಿ. ನಾನೂ ಏನ್ ಹಗುರಿಲ್ಲ. ಆದ್ರ ಮೆತ್ತಗದೀನಿ.”

ಹಲಗೆಗೆ ಬೆನ್ನು ಕೊಟ್ಟು ಕೂತು, ಅಕ್ಕನನ್ನು ತನ್ನ ಮೈಮೇಲೆ ಒರಗಿಸಿಕೊಂಡಳು. ಜೇಜುರಿ, ಸಾಸ್ವಡ, ಘಾಟಿನ ಇಳಿಜಾರು, ಎಲ್ಲ ಕಡೆಯೂ ಅಕ್ಕನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ವಾಡೆಗೆ ಬಂದು ಇಳಿಯುವಾಗ ಜೋಮು ಹಿಡಿದು ಅತ್ತೆಗೆ ಕಾಲು ಊರಲಾಗಲಿಲ್ಲ. ಅಕ್ಕ ನಡೆದು ಒಳಗೆ ಹೋದಳು.

ಹೆರಿಗೆಯಾಗುವ ತನಕ ಆಕೆ ನಮ್ಮಲ್ಲೇ ಉಳಿದಳು. ಅಕ್ಕನ ಗೋದಿ ಪಾಯಸಕ್ಕೆ ಬೆಲ್ಲ ಎಷ್ಟೆಂದು ಅವ್ವನ ಜೊತೆ ದಿನವೂ ಜಗಳ. ಹುಟ್ಟಿದ್ದು ಗಂಡು. ಯುದ್ಧ ಮುಗಿದ ಮೇಲೆ ಅಪ್ಪ ಒಲೆ ಕಿತ್ತು ಹಾಕಿದ. ಕೆಲವು ವರ್ಷಕ್ಕೆ ಗಾಡಿಯೂ ಹೋಯಿತು. ಅಪ್ಪ, ಅವ್ವ, ಆ ಬೀಗಿತ್ತಿ ಒಬ್ಬೊಬ್ಬರಾಗಿ ಹೋದರು. ಈಗಿನ ಗಾಡಿಗಳಿಗೆ ಬೇಕಾದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಒಬ್ಬಳ ಮೈಗೆ ಹೊಂದುವಂತೆ ಗಾಡಿಯನ್ನೇ ಬಿಚ್ಚಿ ಜೋಡಿಸಿದ ಮನುಷ್ಯರನ್ನು ನಾನು ಆಮೇಲೆ ಕಾಣಲಿಲ್ಲ. ಆ ದಿನ ಗಾಡಿಯಲ್ಲಿದ್ದವರಲ್ಲಿ ಅಕ್ಕ ನಾನು ಇಬ್ಬರೇ ಉಳಿದಿದ್ದೆವು.

ಹೋದ ತಿಂಗಳು ಅಕ್ಕನನ್ನು ಪುಣೆಯ ಕೊಂಢವಾ ಬಡಾವಣೆಯ ಮನೆಯಿಂದ ಕೊನೆಯ ಬಾರಿ, ಸ್ಮಶಾನಕ್ಕೆ, ಕರೆದೊಯ್ದದ್ದು ಅವಳ ಮಗನ ವ್ಯಾನಿನಲ್ಲಿ. ತಲೆಗೂದಲು ಬೆಳ್ಳಗಾದ ಅವನೇ ನಡೆಸಿದ. ನಾನು ಹಿಂದೆ ಅಕ್ಕನ ಹತ್ತಿರ ಕೂತಿದ್ದೆ. ರಸ್ತೆ ಅಗೆದಿದ್ದರು. ಗುಂಡಿ ಕಂಡದ್ದೇ ನಾನು ಬಗ್ಗಿ ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಹಗೂರಕ ಹೊಡಿಯೋ ತಮ್ಮಾ, ಅಕ್ಕಗ ನೋವಾಗ್ತದ,” ಎಂದುಬಿಟ್ಟೆ.

ಅವನು ವ್ಯಾನನ್ನು ಇನ್ನಷ್ಟು ನಿಧಾನ ಮಾಡಿದ.